ಒಂದು ಕೋಣೆ, ಮೂವರು ಜವಾನರು

ಪರೇಲಿನ ಹಾಫ್‌ಕಿನ್ ಸಂಸ್ಥೆ ಮುಂಬಯಿ ಕನ್ನಡಿಗರು ನೋಡಿರುವ ಜಾಗವೇ. ಅದು ಶುರುವಾದದ್ದು ಮಾತ್ರ ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. 1896ರ ಅಕ್ಟೋಬರಿನಲ್ಲಿ ಪ್ಲೇಗಿಗೆ ಲಸಿಕೆ ಹುಡುಕಲು ಬಂದ ವಾಲ್ಡೆಮಾರ್ ಹಾಫ್‌ಕಿನ್ ಅವರಿಗೆ ಸಿಕ್ಕಿದ್ದು ಅಲ್ಲಿನ ಒಂದು ಕೋಣೆ, ಒಂದು ಕಾರಿಡಾರು, ಒಬ್ಬ ಗುಮಾಸ್ತ, ಮೂವರು ಜವಾನರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸಿ (ಹೌದು, ನಮ್ಮ ಅಡುಗೆಮನೆಯ ತುಪ್ಪವೇ), ಅದಕ್ಕೆ ಜೋತುಬೀಳುವಂತೆ ರೋಗಾಣು ಬೆಳೆಸಿದರು. ಸಹಾಯಕರಲ್ಲಿ ಒಬ್ಬನ ಮನಸ್ಸು ಕುಸಿಯಿತು, ಇಬ್ಬರು ಬಿಟ್ಟುಹೋದರು. 1897ರ ಜನವರಿ 10ರಂದು ಅವರು ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರು.

ಲಸಿಕೆ ಊರೂರಿಗೆ ಹೋಯಿತು. ಅದನ್ನು ಹಾಕುವ ಕೈಗಳಿಗೆ ತರಬೇತಿ ಅಷ್ಟೇ ಬೇಗ ಹೋಗಲಿಲ್ಲವೆಂದೇ ನನ್ನ ಅಭಿಪ್ರಾಯ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲಿನಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಾಲಯದ ತಲೆಗೆ ಬಂತು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ನಡೆದದ್ದು ಇಷ್ಟು: ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಚಿಮುಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿ ಮಾಡದೆ ಅದರಿಂದಲೇ ಬಿರಡೆ ಎಳೆದಿದ್ದ.

1907ರಲ್ಲಿ ಆರೋಪ ಬಿಟ್ಟುಹೋಯಿತು. ಹಾಫ್‌ಕಿನ್ ಭಾರತಕ್ಕೆ ಮರಳಿದರು, ಆದರೆ ಕಲ್ಕತ್ತೆಗೆ. ಮುಂಬಯಿಯ ಅವರ ಕುರ್ಚಿಯಲ್ಲಿ ಆಗಲೇ ಬೇರೆಯವರಿದ್ದರು. ಸಂಸ್ಥೆಗೆ ಅವರ ಹೆಸರು ಬಂದದ್ದು 1925ರಲ್ಲಿ.