ಹೆಸರು ಕೊಲ್ಲಾಪುರದ್ದು, ಹಕ್ಕು ಯಾರದು? ಗಡಿಭಾಗದ ಒಂದು ಚಪ್ಪಲಿಯ ಚರಿತ್ರೆ

ನಾನು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವಳು, ಓದುತ್ತಿರುವುದು ಕನ್ನಡ ಎಂ.ಎ. ಬೌದ್ಧಿಕ ಆಸ್ತಿ ಹಕ್ಕಿನ ಬಗ್ಗೆ ಸಾಹಿತ್ಯದ ವಿದ್ಯಾರ್ಥಿನಿ ಯಾಕೆ ಮಾತಾಡಬೇಕು ಅಂತ ಕೇಳಬಹುದು. ಇದು ಹೆಸರಿನ ಒಡೆತನದ ಪ್ರಶ್ನೆ, ಹೆಸರು ಭಾಷೆಯ ವಿಷಯ ತಾನೆ? ನಮ್ಮ ಕಡೆ ಕೆರ, ಕಾಲ್ಮರಿ ಅಂತಾರೆ. ಶರಣರ ಕಥನಗಳಲ್ಲಿ ಚಮ್ಮಾವುಗೆ. ಪೇಟೆಗೆ ಹೋದರೆ ಮಾತ್ರ ಅದು ಕೊಲ್ಲಾಪುರಿ.

ಈ ಚಪ್ಪಲಿಯ ಮೂಲವನ್ನು 12ನೇ ಶತಮಾನದ ಕಲ್ಯಾಣಕ್ಕೆ ಒಯ್ಯುವ ರೂಢಿ ಇದೆ. ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಐತಿಹ್ಯ ನಿಮಗೆಲ್ಲ ಗೊತ್ತು. ಅದನ್ನು ಇವತ್ತಿನ ಚಪ್ಪಲಿಗೆ ಪುರಾವೆ ಅಂತ ನಾನು ಒಪ್ಪೋದಿಲ್ಲ. ಆದರೆ ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ತೊಗಲನ್ನು ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ಕಸುಬು ಇವತ್ತಿಗೂ ಇದೆ. ಹೆಣೆಯೋದರಲ್ಲಿ ಹೆಂಗಸರ ಪಾಲು ದೊಡ್ಡದು. ಮಾಡುವ ಊರುಗಳು ಹಲವು. ಶಾಹು ಮಹಾರಾಜರ ಪ್ರೋತ್ಸಾಹ, ದೊಡ್ಡ ಪೇಟೆ ಎರಡೂ ಇದ್ದದ್ದು ಕೊಲ್ಲಾಪುರದಲ್ಲಿ. ಹೆಸರು ಪೇಟೆಯದಾಯಿತು.

ಜತ್ತ ಡಫಳೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಪಕ್ಕದ ಅಥಣಿ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಮುಂಬಯಿಯಲ್ಲೇ ಉಳಿಯಿತು. 2022ರಲ್ಲಿ ಜತ್ತದ ಹಳ್ಳಿಗಳ ವಿಚಾರ ಮತ್ತೆ ಪತ್ರಿಕೆಗೆ ಬಂದದ್ದು ನೆನಪಿರಬಹುದು. ಇಂಥ ಎರಡು ರಾಜ್ಯಗಳು ಒಂದು ಹಕ್ಕನ್ನು ಕೂಡಿ ಪಡೆದದ್ದೇ ನನಗೆ ಸೋಜಿಗ. 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಎಂಟು ಜಿಲ್ಲೆಗಳದ್ದು: ಆ ಕಡೆ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಸಾಂಗ್ಲಿ ಇರೋದರಿಂದ ಜತ್ತವೂ ಆ ನಕ್ಷೆಯೊಳಗೆ ಬಂತು. ಗಡಿ ಕಮಿಷನ್ನುಗಳಿಗೆ ಆಗದ್ದು ಚಪ್ಪಲಿಗೆ ಆಯಿತು ಅನ್ನಿ!

ಆದರೆ ನೋಂದಾಯಿತ ಒಡೆಯರು ಹೊಲಿಯುವವರಲ್ಲ, ಎರಡು ಸರ್ಕಾರಿ ನಿಗಮಗಳು: ನಮ್ಮ ಲಿಡ್ಕರ್, ಅವರ ಲಿಡ್‌ಕಾಮ್. 1999ರ ಕಾಯ್ದೆ (ಜಾರಿಗೆ ಬಂದದ್ದು 2003) ಪ್ರಕಾರ ಕುಶಲಕರ್ಮಿಯು ‘ಅಧಿಕೃತ ಬಳಕೆದಾರ’ ಅಂತ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಆಗಲೇ ದಾವೆ ಹೂಡುವ ಹಕ್ಕು. ಇನ್ನೊಂದು ಮಾತು, ನನ್ನ ಪ್ರಕಾರ ಮುಖ್ಯವಾದದ್ದು: ಕಾಯ್ದೆಯ 24ನೇ ಕಲಮಿನಂತೆ ಈ ಹಕ್ಕನ್ನು ಮಾರುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ, ಅಡವಿಡುವಂತಿಲ್ಲ. ತೀರಿಕೊಂಡರೆ ವಾರಸುದಾರರಿಗೆ ಹೋಗುತ್ತದೆ, ಅಷ್ಟೇ. ಬೌದ್ಧಿಕ ಆಸ್ತಿ ಬಂಡವಾಳವಾಗಿ ಬೆಳೆಯುತ್ತದೆ, ಅಭಿವೃದ್ಧಿ ತರುತ್ತದೆ ಅಂತ ಅರ್ಥಶಾಸ್ತ್ರದ ಪುಸ್ತಕಗಳು ಹೇಳೋದು ಪೇಟೆಂಟಿಗೆ, ಟ್ರೇಡ್‌ಮಾರ್ಕಿಗೆ ಸರಿ. ಇದು ಹೊಲದಂಥ ಆಸ್ತಿಯಲ್ಲ, ಮನೆದೇವರ ಪೂಜೆಯ ಸರದಿಯಂಥದ್ದು. ಬೇರೆಯವರು ಕಸಿಯದಂತೆ ಕಾಯುತ್ತದೆ, ಬ್ಯಾಂಕಿಗೆ ಒಯ್ದರೆ ಸಾಲ ಹುಟ್ಟೋದಿಲ್ಲ.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿತು, ಮೂಲ ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ನಮ್ಮ ನೋಂದಣಿ ಇಟಲಿಯಲ್ಲಿ ನಡೆಯೋದಿಲ್ಲ. ಅದೂ ಅಲ್ಲದೆ ಜಿಐ ಕಾಯುವುದು ಹೆಸರನ್ನು, ವಿನ್ಯಾಸವನ್ನಲ್ಲ. ಪ್ರಾಡಾ ಹೆಸರನ್ನೇ ಬಳಸಿರಲಿಲ್ಲ. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಜಾ ಮಾಡಿತು. ಡಿಸೆಂಬರಿನಲ್ಲಿ ಎರಡೂ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಇದನ್ನು ತಂದದ್ದು ಕಾನೂನಿಗಿಂತ ಹೆಚ್ಚಾಗಿ ಆ ಗದ್ದಲವೇ.

ಚರ್ಚೆಯಲ್ಲಿ ಒಬ್ಬ ಅಧ್ಯಾಪಕರು ಕೇಳಿದರು: “ಹಾಗಾದರೆ ಟ್ಯಾಗ್ ವ್ಯರ್ಥವೇನಮ್ಮಾ?” ಅಲ್ಲ ಸರ್. ಮಾತುಕತೆಗೆ ಕೂರಲು ಅದರಿಂದಲೇ ಎರಡು ಕುರ್ಚಿ ಸಿಕ್ಕಿದವು. ಆ ಕುರ್ಚಿಗಳಲ್ಲಿ ನಿಗಮಗಳು ಕೂತವು. ಇನ್ನು ಹೊಲಿಯುವವರ ಹೆಸರು ಬಳಕೆದಾರರ ಪಟ್ಟಿಗೆ ಬರಬೇಕು, ಅಥಣಿಯವರದೂ ನಮ್ಮ ಜತ್ತ ಕಡೆಯವರದೂ.