ಹಳೆಯ ಕಲ್ಲು, ಎರಡನೆಯ ಓದು

ಕಲ್ಯಾಣದಿಂದ ಬದ್ಲಾಪುರದ ಕಡೆಗೆ ಹೋಗುವ ಲೋಕಲ್ ಹತ್ತಿದರೆ ವಿಠ್ಠಲವಾಡಿ, ಉಲ್ಹಾಸನಗರ ಕಳೆದ ಕೂಡಲೇ ಅಂಬರನಾಥ. ಆರ್ಡ್‌ನೆನ್ಸ್ ಫ್ಯಾಕ್ಟರಿಯ ಊರು ಎಂದೇ ಹೆಚ್ಚು ಜನಕ್ಕೆ ಪರಿಚಯ. ವಾಲಧುನಿ ನದಿಯ ಬದಿಯಲ್ಲಿ ಒಂದು ಶಿವಾಲಯವಿದೆ; ಕಪ್ಪು ಕಲ್ಲಿನ ಕಟ್ಟಡ, ಮೈತುಂಬ ಶಿಲ್ಪ, ಮೆಟ್ಟಿಲಿಳಿದು ಹೋಗಬೇಕಾದ ತಗ್ಗಿನ ಗರ್ಭಗುಡಿ. ಅದರ ಉತ್ತರ ಬಾಗಿಲಲ್ಲಿ ಕೆಲವೇ ಸಾಲುಗಳ ಒಂದು ಸಂಸ್ಕೃತ ಶಾಸನವಿದೆ. ಆ ಶಾಸನದ ಒಂದೇ ಒಂದು ಅಂಕೆಯ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಎದ್ದ ತಕರಾರು, ಮುಗಿದುಹೋದ ಚರ್ಚೆಯೊಂದನ್ನು ಮತ್ತೆ ತೆರೆಯುವುದು ಹೇಗೆ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಸಿಗುವ ಅತ್ಯುತ್ತಮ ಉದಾಹರಣೆ.

ಶಾಸನವನ್ನು ವಿದ್ವಾಂಸರ ಮುಂದಿಟ್ಟವರು ಮುಂಬಯಿಯ ಡಾ. ಭಾವು ದಾಜಿ. ವೃತ್ತಿಯಿಂದ ವೈದ್ಯರು, ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದವರು. ಪ್ರಾಚೀನ ಶಾಸನಗಳು ಅವರಿಗೆ ಹವ್ಯಾಸ, ಆದರೆ ಅಂಥ ಹವ್ಯಾಸಿಗಳೇ ಆಗ ಈ ವಿದ್ಯೆಯನ್ನು ಕಟ್ಟಿದ್ದು. ಅವರು ಕಾಲವನ್ನು ಶಕ 782 ಎಂದು ಓದಿದರು. ಅಂದರೆ ಕ್ರಿ.ಶ. 860. ಕನ್ನಡಿಗರ ಕಿವಿ ನೆಟ್ಟಗಾಗುವ ವರ್ಷ ಅದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲ, ‘ಕವಿರಾಜಮಾರ್ಗ’ ಹುಟ್ಟಿದ ಹೊತ್ತು. ಉತ್ತರ ಕೊಂಕಣದ ಶಿಲಾಹಾರರು ಆಗ ಅವನ ಸಾಮಂತರೇ. ಕನ್ಹೇರಿಯ ಗುಹೆಗಳಲ್ಲಿ ಅವನ ಹೆಸರನ್ನೂ ತಮ್ಮ ಹೆಸರನ್ನೂ ಒಟ್ಟಿಗೆ ಕೆತ್ತಿಸಿದ್ದಾರೆ. 782 ನಿಂತಿದ್ದರೆ ಅಂಬರನಾಥದ ಗುಡಿ ನೃಪತುಂಗನ ನೆರಳಿನಲ್ಲಿ ಎದ್ದ ಗುಡಿಯಾಗುತ್ತಿತ್ತು.

ಅದು ನಿಲ್ಲಲಿಲ್ಲ. ತಪ್ಪನ್ನು ಎತ್ತಿ ತೋರಿಸಿದ್ದು ಹೊರಗಿನ ಯಾರೋ ಅಲ್ಲ. ಜುನಾಗಢದ ಭಗವಾನ್‌ಲಾಲ್ ಇಂದ್ರಜಿ ಹುಡುಗನಾಗಿದ್ದಾಗಲೇ ಗಿರನಾರದ ಅಶೋಕನ ಬಂಡೆಯನ್ನು ತಾನೇ ಓದಲು ಕಲಿತವರು. 1860ರ ದಶಕದ ಆರಂಭದಲ್ಲಿ ಭಾವು ದಾಜಿಯವರ ಬಳಿ ಕೆಲಸಕ್ಕೆ ಬಂದರು. ಊರೂರು ಸುತ್ತಿ ಕಲ್ಲುಗಳ ಪ್ರತಿ ಮಾಡಿ ತಂದದ್ದು ಭಗವಾನ್‌ಲಾಲ್. ಸೊಸೈಟಿಯ ಸಭೆಯಲ್ಲಿ ಪ್ರಬಂಧ ಓದಿದ್ದು ಭಾವು ದಾಜಿ. ಆ ಕಾಲದ ಕೊಡುಕೊಳ್ಳುವಿಕೆ ಹಾಗೆಯೇ ಇತ್ತು, ಭಗವಾನ್‌ಲಾಲರಿಗೆ ಇಂಗ್ಲಿಷ್ ಬರವಣಿಗೆಯೂ ಇರಲಿಲ್ಲ. ಗುಜರಾತಿಯಲ್ಲಿ ಬರೆದುದನ್ನು ಮುಂದೆ ಬ್ಯೂಲರ್‌ರಂಥವರು ಅನುವಾದಿಸಿ ಅಚ್ಚಿಗೆ ಕೊಡುತ್ತಿದ್ದರು. (ಅನುವಾದಕರ ಹೆಸರು ಉಳಿಯುವುದಿಲ್ಲ ಎಂದು ಕೊರಗುವವರಿಗೆ ಇಲ್ಲಿ ತಿರುಗುಮುರುಗು ಕತೆ: ಇಲ್ಲಿ ಮೂಲ ಲೇಖಕನ ಹೆಸರೇ ಬಹುಕಾಲ ಹಿಂದೆ ಉಳಿದಿತ್ತು.)

1874ರಲ್ಲಿ ಭಾವು ದಾಜಿ ತೀರಿಕೊಂಡರು. ಆಮೇಲೆ, ಗುರುವಿನ ಪ್ರಬಂಧ ಅಚ್ಚಾಗಿದ್ದ ಅದೇ ಬಾಂಬೆ ಏಷಿಯಾಟಿಕ್ ಸೊಸೈಟಿಯ ನಿಯತಕಾಲಿಕದಲ್ಲಿ, ಭಗವಾನ್‌ಲಾಲ್ ಅಂಬರನಾಥದ ಪ್ರಶ್ನೆಯನ್ನು ಮತ್ತೆ ತೆರೆದರು. ಅವರ ಓದು: 782 ಅಲ್ಲ, 982. ಅಂದರೆ ಕ್ರಿ.ಶ. 1060. ಒಂದು ಅಂಕೆ ತಿದ್ದಿದಾಗ ಗುಡಿ ಇನ್ನೂರು ವರ್ಷ ಈಚೆಗೆ ಬಂತು. ನೃಪತುಂಗ ಹೋದ, ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲ ಬಂತು. (ಆ ಕಲ್ಯಾಣ ಬೀದರ ಜಿಲ್ಲೆಯ ಬಸವಕಲ್ಯಾಣ. ರೈಲು ಬದಲಿಸುವ ಕಲ್ಯಾಣವಲ್ಲ. ಈ ಗೊಂದಲವೂ ಹಳೆಯದೇ.)

ಸರಿಯಾದ ಓದು ಯಾವುದೆಂದು ಇವತ್ತು ಯಾರಿಗೂ ಸಂದೇಹವಿಲ್ಲ. ಶಾಸನದಲ್ಲಿ ಬರುವುದು ಮಾಮ್ವಾಣಿ, ಅಂದರೆ ಮುಮ್ಮುಣಿರಾಜ, ಮತ್ತು ಅವನ ಅಣ್ಣ ಛಿತ್ತರಾಜ. ಛಿತ್ತರಾಜನ ಭಾಂಡೂಪ್ ತಾಮ್ರಪಟ ಶಕ 948ರದು, ಮುಮ್ಮುಣಿಯದೇ ಇನ್ನೊಂದು ತಾಮ್ರಪಟ ಶಕ 971ರದು. ಅಣ್ಣ ದಾನಪತ್ರ ಬರೆಸುವುದಕ್ಕೆ ನೂರಅರವತ್ತು ವರ್ಷ ಮೊದಲೇ ತಮ್ಮ ಗುಡಿಯ ಕೆಲಸ ಮಾಡಿಸಿರಲಾರ. ಗಮನಿಸಬೇಕಾದದ್ದು ತೀರ್ಪಿಗಿಂತ ಅದಕ್ಕೆ ಹೋದ ದಾರಿ. ಭಗವಾನ್‌ಲಾಲ್ ಹಳೆಯ ಪ್ರಬಂಧದ ಮೇಲೆ ಇನ್ನೊಂದು ಪ್ರಬಂಧ ಹೊಸೆಯಲಿಲ್ಲ, ಕಲ್ಲಿಗೆ ಹಿಂತಿರುಗಿದರು. ಹಿಂದಿನ ಓದು ಯಾವ ಪುಟಗಳಲ್ಲಿತ್ತೋ ಅದೇ ಓದುಗರ ಮುಂದೆಯೇ ಹೊಸ ಓದನ್ನಿಟ್ಟರು.

ಈ ನಡವಳಿಕೆ ಮುಂದಿನ ಎರಡು ದಶಕಗಳಲ್ಲಿ ಶಾಸನಶಾಸ್ತ್ರದ ಶಿಷ್ಟಾಚಾರವೇ ಆಯಿತು. 1872ರಲ್ಲಿ ಮುಂಬಯಿಯಿಂದ ಜೇಮ್ಸ್ ಬರ್ಜೆಸ್ ಆರಂಭಿಸಿದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ದೊಡ್ಡ ಲೇಖನಗಳ ಜೊತೆಗೆ ಪ್ರಶ್ನೆ, ಟಿಪ್ಪಣಿ, ಪತ್ರಗಳಿಗೂ ಜಾಗ ಇತ್ತು. ಜಿಲ್ಲೆಗಳಲ್ಲಿದ್ದ ಅಧಿಕಾರಿಗಳು, ಪಂಡಿತರು, ಮಿಷನರಿಗಳು ಅಲ್ಲಿ ಒಬ್ಬರಿಗೊಬ್ಬರು ಉತ್ತರ ಕೊಡುತ್ತಿದ್ದರು. ಒಂದು ಪ್ರಶ್ನೆಗೆ ಉತ್ತರ ವರ್ಷಗಳ ನಂತರ ಬಂದರೂ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. 1888ರಿಂದ ಬಂದ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಇದು ಒಂದು ಅಚ್ಚುಕಟ್ಟಾದ ಪದ್ಧತಿಯಾಯಿತು. ಈಗಾಗಲೇ ಪ್ರಕಟವಾದ ಶಾಸನವನ್ನು ಮತ್ತೆ ಸಂಪಾದಿಸುವವನು ಮೊದಲ ಪ್ಯಾರಾದಲ್ಲೇ ಲೆಕ್ಕ ಒಪ್ಪಿಸಬೇಕು: ಮೊದಲು ಓದಿದವರು ಯಾರು, ಎಲ್ಲಿ ಪ್ರಕಟಿಸಿದರು, ತನ್ನ ಕೈಯಲ್ಲಿರುವ ಪಡಿಯಚ್ಚು ಯಾವುದು. ಅನುಮಾನದ ಅಕ್ಷರಕ್ಕೆ ಚೌಕ ಕಂಸ. ಕೆತ್ತಿದವನ ತಪ್ಪಿಗೆ ಅಡಿಟಿಪ್ಪಣಿ, ಕಲ್ಲಿನ ಪಾಠದಲ್ಲಿ ಕೈಯಾಡಿಸುವಂತಿಲ್ಲ. ಎರಡನೆಯ ಓದುಗ ಹೀಗೆ ಬರೆದಿಟ್ಟರೆ ಮೂರನೆಯವನು ಎಲ್ಲಿಂದ ಶುರು ಮಾಡಬೇಕೋ ಅಲ್ಲಿಂದ ಶುರು ಮಾಡಬಹುದು. ಬಿ. ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು 1970ರ ದಶಕದಿಂದ ಮೈಸೂರಿನಲ್ಲಿ ಪರಿಷ್ಕರಿಸಿ ಮತ್ತೆ ಪ್ರಕಟಿಸತೊಡಗಿದ್ದೂ ಈ ಪರಂಪರೆಯ ಕೆಲಸವೇ.

ಇಷ್ಟು ಶಿಸ್ತು ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಠಾಣೆಯಲ್ಲೇ ಸಾಕ್ಷಿ ಇದೆ. 1787ರಲ್ಲಿ ಠಾಣೆಯ ಕೋಟೆಯ ಬಳಿ ಅಡಿಪಾಯ ತೋಡುವಾಗ ತಾಮ್ರಪಟಗಳು ಸಿಕ್ಕವು. ಶಿಲಾಹಾರ ಅರಿಕೇಸರಿಯ ದಾನಪತ್ರ, ಶಕ 939. ರಾಮಲೋಚನ ಪಂಡಿತರು ಅರ್ಥ ಹೇಳಿದ್ದನ್ನು ಜನರಲ್ ಕಾರ್ನಾಕ್ ಕಲ್ಕತ್ತೆಗೆ ಕಳಿಸಿ, ಅದು ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅಚ್ಚಾಯಿತು. ಅದರಲ್ಲಿ ರಾಜ ತನ್ನನ್ನು ತಗರಪುರದ ಒಡೆಯ ಎಂದು ಕರೆದುಕೊಂಡಿದ್ದ. ಈ ತಗರ ಎಲ್ಲಿದೆ?

ಗ್ರೀಕರ ‘ಪೆರಿಪ್ಲಸ್’ ಎಂಬ ಒಂದನೆಯ ಶತಮಾನದ ಕಡಲ ಕೈಪಿಡಿಯಲ್ಲೂ ತಗರ ಬರುತ್ತದೆ: ಭರೂಚಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನದ ದಾರಿ ಪೈಠಣ, ಅಲ್ಲಿಂದ ಪೂರ್ವಕ್ಕೆ ಹತ್ತು ದಿನದ ದಾರಿ ತಗರ. ಠಾಣೆಯ ಪಕ್ಕದ ಕಲ್ಯಾಣವೂ ಅದೇ ಪುಸ್ತಕದಲ್ಲಿ ‘ಕಲ್ಲಿಯೆನಾ’ ಆಗಿ ಬರುತ್ತದೆ. ತಾಮ್ರಪಟ ಅಚ್ಚಾದ ಸಂಪುಟದಲ್ಲೇ ಲೆಫ್ಟಿನೆಂಟ್ ವಿಲ್ಫೋರ್ಡ್ ತಗರವನ್ನು ದೇವಗಿರಿಗೆ ಒಯ್ದರು. ನಂತರದ ಒಂದು ಶತಮಾನ ತಗರ ಒಂದೆಡೆ ನಿಲ್ಲಲಿಲ್ಲ. ಗ್ರಾಂಟ್ ಡಫ್ ಅದನ್ನು ಬೀಡ್ ಬಳಿ ಇಟ್ಟರು, ಯೂಲ್ ಕಲಬುರ್ಗಿಯಲ್ಲಿ, ಭಗವಾನ್‌ಲಾಲ್ ಜುನ್ನರದಲ್ಲಿ, ರಾಮಕೃಷ್ಣ ಗೋಪಾಲ ಭಾಂಡಾರಕರ್ ಧಾರೂರಿನಲ್ಲಿ. ಪ್ರತಿಯೊಬ್ಬರೂ ಒಂದು ಹೊಸ ಊರನ್ನು ತಂದರು, ಹೊಸ ಪುರಾವೆಯನ್ನು ತಂದವರು ಕಡಿಮೆ.

ಜಾನ್ ಫೇತ್‌ಫುಲ್ ಫ್ಲೀಟ್ ಈ ಸಾಲಿನಲ್ಲಿ ಬೇರೆ. 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದ ಸಿವಿಲ್ ಅಧಿಕಾರಿ, ಬೆಳಗಾವಿ ಸೀಮೆಯಲ್ಲಿ ಕನ್ನಡ ಕಲಿತು ಹಳಗನ್ನಡ ಶಾಸನಗಳನ್ನು ಓದಿದವರು, ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದವರು. ಅವರೂ ಮೊದಲು ಕೊಲ್ಹಾಪುರದತ್ತ ಒಲಿದಿದ್ದರು. 1901ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಹಳೆಯ ಪ್ರಶ್ನೆಯನ್ನು ಎತ್ತಿ, ತಗರ ಎಂದರೆ ತೇರ್ ಎಂದರು. ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿ, ಸಂತ ಗೋರಾ ಕುಂಬಾರನ ಊರು. ದಿಕ್ಕೂ ದೂರವೂ ಪೈಠಣದಿಂದ ಹೊಂದುತ್ತಿದ್ದವು. ಭಾಷೆಯೂ ಕೈ ಹಿಡಿಯಿತು: ಎರಡು ಸ್ವರಗಳ ನಡುವಿನ ‘ಗ’ ಪ್ರಾಕೃತದಲ್ಲಿ ಸವೆದು ‘ಯ’ ಆಗುತ್ತದೆ, ಆಮೇಲೆ ಅದೂ ಕರಗುತ್ತದೆ. ನಗರ ನಯರವಾಗಿ ‘ನೇರ್’ ಆದದ್ದು ಪಾರ್ನೇರ್, ಸಂಗಮನೇರ್, ಜಾಮ್ನೇರ್ ಎಂಬ ಊರ ಹೆಸರುಗಳಲ್ಲಿ ಕಣ್ಣೆದುರಿಗಿದೆ. ತಗರ ತಯರವಾಗಿ ತೇರ್ ಆಗಲು ಅದೇ ದಾರಿ ಸಾಕು. ಮರುವರ್ಷವೇ ಹೆನ್ರಿ ಕಸಿನ್ಸ್ ತೇರಿನ ತ್ರಿವಿಕ್ರಮ ಗುಡಿ ಮೂಲತಃ ಇಟ್ಟಿಗೆಯ ಬೌದ್ಧ ಚೈತ್ಯ ಎಂದು ಗುರುತಿಸಿದರು. ಆಮೇಲೆ ಉತ್ಖನನಗಳಲ್ಲಿ ರೋಮನ್ ವ್ಯಾಪಾರದ ಕುರುಹುಗಳು ಬಂದವು. ಊರಿನ ರಾಮಲಿಂಗಪ್ಪ ಲಾಮತುರೆ ತಮ್ಮ ಆಸಕ್ತಿಯಿಂದ ಕೂಡಿಟ್ಟ ವಸ್ತುಗಳು ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಆಧಾರವಾಗಿವೆ, ಅದಕ್ಕೆ ಅವರದೇ ಹೆಸರು. 1788ರ ಪ್ರಶ್ನೆಗೆ 1901ರಲ್ಲಿ ಉತ್ತರ: ತಡವಾಯಿತೆಂದು ಯಾರೂ ಆಕ್ಷೇಪಿಸಲಿಲ್ಲ.

ಆಕ್ಷೇಪಿಸಬೇಕಾದ ಪುನರಾರಂಭಗಳು ಬೇರೆ ಇವೆ. ಅಲಿಬಾಗ್ ಬಳಿಯ ಆಕ್ಷಿ ಶಾಸನವನ್ನು ಕೆಲವರು ಶಕ 934 ಎಂದು ಓದಿ ಮರಾಠಿಯ ಮೊದಲ ಶಾಸನವೆನ್ನುತ್ತಾರೆ, ಇನ್ನು ಕೆಲವರು ಶಕ 1132 ಎಂದು ಓದಿ ಆ ಪಟ್ಟ ಕೀಳುತ್ತಾರೆ. ಆ ಪಟ್ಟಕ್ಕೆ ಇನ್ನೊಂದು ಹಕ್ಕುದಾರ ನಮ್ಮ ಶ್ರವಣಬೆಳಗೊಳದಲ್ಲೇ ಇದೆ, ಗೊಮ್ಮಟನ ಪಾದದ ಬದಿಯ ಮರಾಠಿ ಸಾಲು. ಚಾವುಂಡರಾಯನ ಹೆಸರಿರುವುದರಿಂದ ಅದು ಹತ್ತನೆಯ ಶತಮಾನದ್ದೋ, ಅಥವಾ ಪಕ್ಕದಲ್ಲಿ ಗಂಗರಾಜನ ಹೆಸರಿರುವುದರಿಂದ ಎರಡೂ ಹನ್ನೆರಡರಲ್ಲಿ ಒಟ್ಟಿಗೆ ಕೆತ್ತಿದ್ದೋ ಎಂಬುದು ಅಕ್ಷರಗಳ ಆಕಾರ ನೋಡಿ ಮಾತಾಡಬೇಕಾದ ವಿಷಯ. ಆದರೆ ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರಲ್ಲಿ ಶಾಸ್ತ್ರೀಯ ಸ್ಥಾನ ಸಿಕ್ಕಿದ ಮೇಲೆ ಭಾಷೆಯ ವಯಸ್ಸು ಮಾನಾಪಮಾನದ ಮಾತಾಗಿದೆ. ಈ ವಾದಗಳು ಎದ್ದಾಗಲೆಲ್ಲ ಕೇಳುವುದು ಹಳೆಯ ಅಂಕಿಗಳು, ಹಳೆಯ ಸಿಟ್ಟು. ಪಡಿಯಚ್ಚು ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ.

ಕನ್ನಡಿಗರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಡೊಂಬಿವಲಿ, ಠಾಣೆ, ನವಿ ಮುಂಬಯಿಯಲ್ಲಿ ಬಾಳುವ ಕನ್ನಡಿಗರಿಗೆ ಶಿಲಾಹಾರರು ಕನ್ನಡಿಗರು ಎಂಬ ಮಾತು ಹಿತವಾದದ್ದು, ಯಾಕೆಂದರೆ ಅದು ಈ ನೆಲದಲ್ಲಿ ತಾವು ಬಾಡಿಗೆಯವರಲ್ಲ ಎಂದ ಹಾಗೆ. ಆ ಮಾತಿಗೆ ಆಧಾರವೂ ಉಂಟು. ಕೊಲ್ಹಾಪುರದ ಶಾಖೆ ಕನ್ನಡದಲ್ಲಿ ಶಾಸನ ಬರೆಸಿತು. ಠಾಣೆಯ ಶಾಖೆಯಲ್ಲಿ ವಪ್ಪುವಣ್ಣನಂಥ ‘ಅಣ್ಣ’ ಅಂತ್ಯದ ಹೆಸರಿದೆ. ತೇರ್‌ನಿಂದ ಬಸವಕಲ್ಯಾಣ ಬಹಳ ದೂರವೂ ಅಲ್ಲ. ಆದರೆ ಠಾಣೆಯ ಶಾಖೆಯ ತಾಮ್ರಪಟಗಳ ಭಾಷೆ ಸಂಸ್ಕೃತ. ಹೆಸರು ಮನೆತನದೊಡನೆ ಊರೂರು ದಾಟುತ್ತದೆ, ಮನೆಮಾತನ್ನು ಜೊತೆಗೆ ತಂದೇ ತರುತ್ತದೆ ಎಂದೇನಿಲ್ಲ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಶೆಟ್ಟಿ, ಕುಲಕರ್ಣಿ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ.

ಈ ಪ್ರಶ್ನೆಯನ್ನು ಮತ್ತೆ ಎತ್ತುವವರಿಗೆ ಈಗ ಒಂದು ಸೌಕರ್ಯವಿದೆ. ವಿ. ವಿ. ಮಿರಾಶಿ 1977ರಲ್ಲಿ ಮೂರೂ ಶಾಖೆಗಳ ಶಾಸನಗಳನ್ನು ಒಂದೇ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಠಾಣೆಯ ದಾನಪತ್ರಗಳಲ್ಲಿ ಬರುವ ಹಳ್ಳಿ, ಹೊಲ, ಅಧಿಕಾರಿಗಳ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಂಡು ಕನ್ನಡದ್ದು ಯಾವುದು, ಪ್ರಾಕೃತದ್ದು ಯಾವುದು ಎಂದು ಬೇರ್ಪಡಿಸಲು ಅಲ್ಲಿಂದ ತೊಡಗಬಹುದು. ಅನುಮಾನ ಬಂದ ಕಡೆ ಅಂಬರನಾಥದ ಲೋಕಲ್ ಇದ್ದೇ ಇದೆ.