ಎರೆಮಣ್ಣು ಕಲಿಸಿದ ಕಲೆ

ಭೀಮಾ ನದಿಯ ದಂಡೆಯಲ್ಲಿ, ಅಫಜಲಪುರ ತಾಲ್ಲೂಕಿನಲ್ಲಿ ಮಣ್ಣೂರ ಎಂಬ ಊರಿದೆ. ಹೆಸರಿನಲ್ಲೇ ಮಣ್ಣೂ ಇದೆ, ಊರೂ ಇದೆ. ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಈ ಸೀಮೆ ಎರೆಭೂಮಿಯ ನಾಡು. ತೊಗರಿಗೂ ಜೋಳಕ್ಕೂ ಹೆಸರಾದ ಈ ಕಪ್ಪು ಮಣ್ಣಿನ ಗುಣಾವಗುಣಗಳ ಬಗ್ಗೆ ಕೃಷಿ ಪಂಡಿತರು ಸಾಕಷ್ಟು ಬರೆದಿದ್ದಾರೆ. ಆದರೆ ಇದೇ ಮಣ್ಣು ಐದಾರು ವರ್ಷದ ಮಕ್ಕಳಿಗೆ ತಲೆತಲಾಂತರದಿಂದ ಮೂರ್ತಿ ಮಾಡುವುದನ್ನೂ ಹಾಡು ಕಟ್ಟುವುದನ್ನೂ ಕಲಿಸುತ್ತ ಬಂದಿದೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ.

ಎಳೆಯ ಮಕ್ಕಳನ್ನು ನಾಲ್ಕು ಗೋಡೆಗಳಿಂದ ಹೊರಗೆ ಕರೆತಂದು ಚಿತ್ರ, ಮಣ್ಣಿನ ಕೆಲಸ, ಹಾಡು, ಕುಣಿತಗಳ ಮೂಲಕ ಕಲಿಸಬೇಕು ಎನ್ನುವುದು ಇಂದು ಶಿಕ್ಷಣದ ದೊಡ್ಡ ಮಾತು. ಪಟ್ಟಣಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಇದಕ್ಕಾಗಿಯೇ ಶಿಬಿರಗಳು ಏಳುತ್ತವೆ, ಪಾಲಕರು ಶುಲ್ಕ ಕಟ್ಟಿ ಮಕ್ಕಳನ್ನು ಕಳಿಸುತ್ತಾರೆ. ಈ ವಿಚಾರದ ಮೂಲಪುರುಷ ಎಂದು ಸಾಮಾನ್ಯವಾಗಿ ಹೆಸರಿಸುವುದು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್‌ನನ್ನು. 1837ರಲ್ಲಿ ಬ್ಲಾಂಕನ್‌ಬರ್ಗ್ ಎಂಬ ಊರಿನಲ್ಲಿ ಅವನು ಎಳೆಯರಿಗಾಗಿ ಒಂದು ಸಂಸ್ಥೆ ತೆರೆದ. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟ. ಮಣ್ಣು ಮಿದ್ದುವುದು, ಸುತ್ತಾಡಿ ಹಾಡುವುದು, ಗಿಡ ಬೆಳೆಸುವುದು ಅಲ್ಲಿನ ಪಾಠಗಳಾಗಿದ್ದವು. ನಮ್ಮ ದೇಶದಲ್ಲಿ 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ರವೀಂದ್ರನಾಥ ಟ್ಯಾಗೋರರು ಮರದ ನೆರಳನ್ನೇ ತರಗತಿ ಮಾಡಿದರು. ಭಾವನಗರದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಕಟ್ಟಿದರು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಆಟ, ನಾಟಕ, ಕುಣಿತಗಳೊಡನೆ ಪ್ರಯೋಗ ನಡೆಸಿದರು.

ಇವರೆಲ್ಲರ ಕೆಲಸ ದೊಡ್ಡದೇ. ಆದರೆ ಇಂಥ ತೋಟವೊಂದು ಭೀಮಾ ತೀರದ ಹಳ್ಳಿಗಳಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ಕಟ್ಟಡವಿರಲಿಲ್ಲ, ಮಾಸ್ತರರಿರಲಿಲ್ಲ. ಪಂಚಾಂಗವೇ ಅದರ ವೇಳಾಪಟ್ಟಿಯಾಗಿತ್ತು.

ಐದು ಮಣ್ಣಿನ ಪೂಜೆ

ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ವರ್ಷಕ್ಕೆ ಐದು ಸಲ ಮಣ್ಣನ್ನು ಪೂಜಿಸಬೇಕೆಂಬ ಮಾತಿದೆ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ಎಣಿಸುತ್ತಾರೆ. ಜ್ಯೇಷ್ಠದಿಂದ ಭಾದ್ರಪದದವರೆಗೆ, ಅಂದರೆ ಮುಂಗಾರಿನ ಮೊದಲ ಮಳೆಗೆ ಹಳ್ಳದ ದಂಡೆಯ ಮಣ್ಣು ಹದಕ್ಕೆ ಬಂದಾಗಿನಿಂದ ಮಳೆಗಾಲ ಮುಗಿಯುತ್ತ ಬರುವವರೆಗೆ ಈ ಸರಣಿ ನಡೆಯುತ್ತದೆ.

ಮೊದಲನೆಯದು ಮಣ್ಣೆತ್ತಿನ ಅಮಾವಾಸ್ಯೆ. ಹದಿನೈದು ದಿನ ಮೊದಲು ಕಾರ ಹುಣ್ಣಿಮೆಗೆ ಮೈತೊಳೆದು, ಕೋಡಿಗೆ ಬಣ್ಣ ಬಳಿದ ನಿಜದ ಎತ್ತುಗಳನ್ನು ಮಗು ಕಣ್ತುಂಬ ನೋಡಿರುತ್ತದೆ. ಅಮಾವಾಸ್ಯೆಗೆ ಅದೇ ಎತ್ತನ್ನು ಮಣ್ಣಿನಲ್ಲಿ ಮಾಡಬೇಕು. ನೋಡುವುದು ಮೊದಲು, ಮಾಡುವುದು ಆಮೇಲೆ. ಚಿತ್ರಕಲೆಯ ಯಾವ ಮೇಷ್ಟರೂ ಇದಕ್ಕಿಂತ ಒಳ್ಳೆಯ ಕ್ರಮ ಹೇಳಿಕೊಡಲಾರರು. ಹಳ್ಳದ ಮಣ್ಣು ತಂದು, ಹರಳು ಆರಿಸಿ, ನೀರು ಹಾಕಿ ನಾದಿ, ಎರಡು ಎತ್ತು ಮತ್ತು ಮುಂದೊಂದು ಗ್ವಾದಲಿ ಮಾಡುತ್ತಾರೆ. ಕಣ್ಣಿಗೆ ಜೋಳದ ಕಾಳು ಒತ್ತುವುದುಂಟು. ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ಆತುರಪಟ್ಟು ಬಿಸಿಲಿಗಿಟ್ಟ ಎತ್ತಿನ ಕಾಲು ಮುರಿದುಬಿದ್ದಾಗ ಮಗುವಿಗೆ ಮಣ್ಣಿನ ಸ್ವಭಾವ ತಿಳಿಯುತ್ತದೆ. ಮರುದಿನ ಮಕ್ಕಳು ಗುಂಪುಕೂಡಿ ಮಣ್ಣಿನ ಎತ್ತು ಹಿಡಿದು, ಹಾಡು ಹೇಳುತ್ತ ಮನೆಮನೆಗೆ ಹೋಗಿ ಜೋಳ ಕೇಳುವ ರೂಢಿ ಅನೇಕ ಊರುಗಳಲ್ಲಿತ್ತು. ಕೂಡಿಸಿದ್ದನ್ನು ಹಂಚಿಕೊಂಡು ಉಂಡರೆ ಹಬ್ಬ ಮುಗಿಯಿತು.

ಆಷಾಢದ ಮಂಗಳವಾರಗಳು ಗುಳ್ಳವ್ವನವು. ಇದು ಹೆಣ್ಣುಮಕ್ಕಳ ಪಾಳಿ. ಕೆರೆಯ ಇಲ್ಲವೆ ಹಳ್ಳದ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ ಕಾಳುಗಳಿಂದ ಅಲಂಕರಿಸುತ್ತಾರೆ. ಕಪ್ಪು ಮಣ್ಣಿನ ಮೇಲೆ ಕೆಂಪು ಗುಲಗಂಜಿ, ಬಿಳಿ ಕುಸುಬಿ. ಪೇಟೆಯ ಬಣ್ಣದ ಡಬ್ಬಿ ಇಲ್ಲದೆಯೇ ಬಣ್ಣ ಹೊಂದಿಸುವ ಪಾಠ ಆಗಿಬಿಡುತ್ತದೆ. ಸಂಜೆ ಗೆಳತಿಯರೆಲ್ಲ ಸುತ್ತ ಕೂತು ಹಾಡುತ್ತಾರೆ, ಬುತ್ತಿ ಕಟ್ಟಿಕೊಂಡು ಹೋಗಿ ಬಯಲಿನಲ್ಲಿ ಉಣ್ಣುತ್ತಾರೆ. ಶ್ರಾವಣದ ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಬೀಳುತ್ತದೆ. ಜೀಕುವ ಲಯಕ್ಕೆ ತಕ್ಕಂತೆ ಹಾಡು ಎಳೆಯುವುದನ್ನು ಅಕ್ಕಂದಿರಿಂದ ತಂಗಿಯರು ಕೇಳಿ ಕಲಿಯುತ್ತಾರೆ. ಭಾದ್ರಪದದಲ್ಲಿ ಗಣಪ ಹೋದ ಮೇಲೆ, ಬುಟ್ಟಿಯಲ್ಲಿ ಬೇವಿನ ತಪ್ಪಲ ನಡುವೆ ಕೂತು ಜೋಕುಮಾರ ಬರುತ್ತಾನೆ. ಹೊತ್ತು ತರುವ ಅಂಬಿಗರ ಹೆಣ್ಣುಮಕ್ಕಳು ಹಾಡಿದ್ದನ್ನು ಹಿಂದೆ ಓಡುವ ಮಕ್ಕಳು ಬಾಯಿಪಾಠ ಮಾಡುತ್ತಾರೆ.

ಮಳೆಗಾಲದ ಆಚೆಗೂ ಪಾಠ ನಿಲ್ಲುವುದಿಲ್ಲ. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹುಡುಗಿಯರ ಹಾಡು, ಹೋಳಿಗೆ ಹುಡುಗರ ಹಲಗಿ. ಚಾಂದ್ರಮಾನದ ಲೆಕ್ಕದಲ್ಲಿ ಎಲ್ಲ ಋತುಗಳಿಗೂ ಸರಿದು ಬರುವ ಮೊಹರಂನಲ್ಲಿ ಹಿಂದೂ ಮುಸ್ಲಿಮರೆನ್ನದೆ ಎಳೆಯರ ಮೈಗೆ ಹುಲಿಯ ಪಟ್ಟೆ ಬಳಿಯುತ್ತಾರೆ. ಅಲಾಯಿ ಕುಣಿಯ ಸುತ್ತ ದೊಡ್ಡವರು ಹಾಕುವ ಹೆಜ್ಜೆಗೆ ಚಿಕ್ಕವರು ಹೆಜ್ಜೆ ಕೂಡಿಸುತ್ತಾರೆ. ಗಡಿಯಾಚೆಯ ಮಹಾರಾಷ್ಟ್ರದಲ್ಲೂ ಇಂಥದೇ ಇದೆ. ವಿದರ್ಭದಲ್ಲಿ ಎತ್ತುಗಳ ಹಬ್ಬ ಪೋಳಾದ ಮರುದಿನ ‘ತಾನ್ಹಾ ಪೋಳಾ’ ಎಂದು ಮಕ್ಕಳು ಕಟ್ಟಿಗೆಯ ಎತ್ತು ಎಳೆದು ಮೆರೆಸುತ್ತಾರೆ. ಆದರೆ ಆ ಎತ್ತು ಬಡಿಗನ ಕೈಯದು. ಮಣ್ಣಿನ ಎತ್ತು ಮಗುವಿನದೇ ಕೈಯದು.

ಶಾಲೆಯಲ್ಲಿ ಇಲ್ಲದ ಕನ್ನಡ

ಈ ಆಟಗಳಿಗೆ ಇತಿಹಾಸದಲ್ಲಿ ಇನ್ನೊಂದು ಮಹತ್ವವಿದೆ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ಜಿಲ್ಲೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿ, ನ್ಯಾಯಾಲಯ, ಸರ್ಕಾರಿ ಶಿಕ್ಷಣದಲ್ಲಿ ಉರ್ದುವಿನದೇ ಮೇಲುಗೈ. ಶಾಲೆಗಳೂ ವಿರಳ. 1951ರ ಜನಗಣತಿಯಲ್ಲಿ ಹೈದರಾಬಾದ್ ರಾಜ್ಯದ ಸಾಕ್ಷರತೆ ಶೇಕಡಾ 10ನ್ನೂ ಮುಟ್ಟಿರಲಿಲ್ಲ. ಅಂಥ ಕಾಲದಲ್ಲಿ ಒಕ್ಕಲು ಮನೆಯ ಮಗು ಪ್ರಾಸ, ಲಯ, ಕಥೆ, ಎಣಿಕೆಗಳನ್ನು ತನ್ನ ನುಡಿಯಲ್ಲಿ ಪಡೆದದ್ದು ಎಲ್ಲಿಂದ? ಗುಳ್ಳವ್ವನ ಮುಂದೆ, ಜೋಕಾಲಿಯ ಮೇಲೆ, ಜೋಕುಮಾರನ ಹಿಂದೆ. 1956ರಲ್ಲಿ ಈ ಭಾಗ ಕನ್ನಡ ರಾಜ್ಯಕ್ಕೆ ಸೇರಿದಾಗ ಇಲ್ಲಿನ ಜನರ ಕನ್ನಡ ಬತ್ತದೆ ಉಳಿದಿತ್ತೆಂದರೆ, ಅದರಲ್ಲಿ ಬಯಲ ಹಾಡುಗಳ ಪಾಲು ಸಣ್ಣದಲ್ಲ.

ಭೀಮೆಯ ಆಚೆ ದಂಡೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಇಂಡಿ ಸೀಮೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸತೊಡಗಿದರು. 1931ರಲ್ಲಿ ಅವರ ‘ಗರತಿಯ ಹಾಡು’ ಹೊರಬಂದಾಗ ಕನ್ನಡದ ವಿದ್ವಾಂಸರು ಬೆರಗಾದರು. ಆ ಗರತಿಯರು ಹಾಡು ಕಲಿತದ್ದು ಗರತಿಯರಾದ ಮೇಲಲ್ಲ. ಹಾಡಿನ ದಾಟಿ ಕಿವಿಗೆ ಬಿದ್ದದ್ದು, ಬಾಯಿಗೆ ಹತ್ತಿದ್ದು ಎಳೆತನದ ಆಟದ ಬಯಲಿನಲ್ಲೇ.

ಕೊಂಡ ಎತ್ತು, ನೋಡುವ ಮಗು

ಇಂದಿನ ಸ್ಥಿತಿ ಏನು? ಹಬ್ಬಗಳು ಅಳಿದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಕಲಬುರಗಿಯ ಪೇಟೆಯಲ್ಲೂ ಎತ್ತುಗಳ ಸಾಲು ಕಾಣುತ್ತದೆ. ಆದರೆ ಅವು ಮಾರಾಟದ ಎತ್ತುಗಳು. ಅಚ್ಚಿನಲ್ಲಿ ಒತ್ತಿ, ಬಣ್ಣ ಹಚ್ಚಿದವು. ಕುಂಬಾರನಿಗೆ ಅದರಿಂದ ನಾಲ್ಕು ಕಾಸು ಸಿಗುವುದು ಸಂತೋಷದ ಸಂಗತಿಯೇ. ಆದರೆ ಮಗು ಮಾಡುವವನ ಜಾಗದಿಂದ ನೋಡುವವನ ಜಾಗಕ್ಕೆ ಸರಿದಿದೆ. ಪೂಜೆಗೆ ಇದರಿಂದ ಕೊರತೆಯಿಲ್ಲ, ಕಲೆಗೆ ಕೊರತೆಯಿದೆ. ಹೊಲಕ್ಕೆ ಟ್ರ್ಯಾಕ್ಟರ್ ಬಂದು ಅನೇಕ ಮನೆಗಳ ಕೊಟ್ಟಿಗೆಯಲ್ಲಿ ಎತ್ತುಗಳೇ ಇಲ್ಲ. ನೋಡಿ ಮಾಡಲು ಮಾದರಿ ಎಲ್ಲಿ? ಹಬ್ಬದ ಸಾಲು ಶುರುವಾಗುವ ಹೊತ್ತಿಗೇ ಶಾಲೆಯೂ ಶುರುವಾಗಿರುತ್ತದೆ. ಹಳ್ಳದ ಮಣ್ಣು ಕೈಗೆ ಹತ್ತಿದರೆ ಹೊಲಸು ಎನ್ನುವ ಪಾಲಕರೂ ಹೆಚ್ಚಿದ್ದಾರೆ.

ಹಾಗೆಂದು ಹಳೆಯದೆಲ್ಲ ಚೆನ್ನವೆಂದು ಹೇಳುವಂತಿಲ್ಲ. ಆ ಬಯಲಿನ ಶಾಲೆಯಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಇರಲಿಲ್ಲ. ಯಾವ ಓಣಿಯ ಮಗು ಯಾವ ಅಂಗಳಕ್ಕೆ ಹೋಗಬೇಕು, ಯಾರು ಹಲಗಿ ಬಡಿಯಬೇಕು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಹಾಡು ಕಲಿತ ಹುಡುಗಿಯನ್ನು ಎಳೆತನದಲ್ಲೇ ಗಂಡನ ಮನೆಗೆ ಕಳಿಸುವುದಿತ್ತು. ಅಕ್ಷರದ ಶಾಲೆ ಈ ಗೋಡೆಗಳಲ್ಲಿ ಕೆಲವನ್ನಾದರೂ ಕೆಡವಿತು ಎಂಬುದನ್ನು ಮರೆಯಬಾರದು.

ಈ ಎರಡರ ಒಳಿತನ್ನೂ ಕೂಡಿಸಲು ಊರಲ್ಲಿ ಒಂದು ಜಾಗ ಸಿದ್ಧವಾಗಿದೆ. ಅದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಹಳ್ಳಿಹಳ್ಳಿಯಲ್ಲೂ ಅಂಗನವಾಡಿಯಿದೆ. ಎಲ್ಲ ಓಣಿಯ ಮಕ್ಕಳೂ ಒಂದೇ ಅಂಗಳದಲ್ಲಿ ಕೂಡಬಹುದಾದ ತಾಣ ಅದು. ಪ್ರಾಥಮಿಕ ಶಾಲೆಗಳಲ್ಲಿ ಆಟ, ಹಾಡುಗಳನ್ನು ಕಲಿಕೆಗೆ ಹೊಂದಿಸಿದ ‘ನಲಿ-ಕಲಿ’ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಾಡಿನ ತುಂಬ ಹಬ್ಬಿತು. ಮೂರರಿಂದ ಎಂಟು ವರ್ಷದವರಿಗೆ ಆಟದ ಮೂಲಕ ಕಲಿಕೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆದರೆ ಎಳೆಯರ ಕೇಂದ್ರಗಳಿಗೆ ಗೋಡೆ ಚಿತ್ರವೂ ಪ್ಲಾಸ್ಟಿಕ್ ಆಟಿಕೆಯೂ ಬಂದಷ್ಟು ಸುಲಭವಾಗಿ, ಎದುರಿನ ಹಳ್ಳದ ಮಣ್ಣು ಒಳಗೆ ಬರುವುದಿಲ್ಲ.

ಅದಕ್ಕೆ ಅನುದಾನ ಬೇಕಿಲ್ಲ. ಜ್ಯೇಷ್ಠದ ಮಳೆ ಬಿದ್ದ ಮೇಲೆ ಒಂದು ಬುಟ್ಟಿ ಮಣ್ಣು, ಒಂದು ಕೊಡ ನೀರು, ಹಾಡು ಬಲ್ಲ ಊರಿನ ಒಬ್ಬ ಆಯಿ ಇದ್ದರೆ ಸಾಕು. ಮಗು ಮಾಡಿದ ಎತ್ತಿನ ಒಂದು ಕೋಡು ಉದ್ದ, ಒಂದು ಗಿಡ್ಡ ಇರಬಹುದು. ಕಾಲು ಮೂರೇ ಇರಬಹುದು. ಅದು ಅಚ್ಚಿನ ಎತ್ತಿನಷ್ಟು ಚೆಂದ ಕಾಣಲಿಕ್ಕಿಲ್ಲ. ಮಣ್ಣೂರಿನಂಥ ಊರುಗಳು ನೂರಾರು ಮಳೆಗಾಲ ಪೂಜಿಸಿದ್ದು ಮಾತ್ರ ಅಂಥ ಎತ್ತನ್ನೇ.